ಮಿರ್ಸಾಲಿಂ ತನ್ನ ಮಗನ ಗಡ್ಡ ಹೆರೆದದ್ದು

ಉಸ್ತೋ ಮಿರ್ಸಾಲಿಮನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಒಂದು ಕೂದಲಿಲ್ಲ. ಬಲಗೈ ಕರಡಿಯದು, ಎಡಗೈ ಎಳೆಮಗುವಿನದು. ಇಸ್ತರವ್ಶಾನಿನ ಚಾಕು ಕಮ್ಮಾರರ ಬೀದಿಯಲ್ಲಿ ಈ ಕೈಯ ಬಗ್ಗೆ ಇರುವಷ್ಟು ಕಥೆಗಳು ಊರಿನ ಹಳೆಯ ಕೋಟೆಯ ಬಗ್ಗೆಯೂ ಇಲ್ಲ. ಅದರ ಮೇಲೆ ಕೂರಲು ಹೋದ ನೊಣವೊಂದು ಜಾರಿ ಬಿದ್ದು ಸೊಂಟ ಮುರಿದುಕೊಂಡಿತಂತೆ. ಬೆಟ್ಟದಾಚೆಯ ಕುರಿ ವ್ಯಾಪಾರಿಯೊಬ್ಬ ಆ ಕೈಯನ್ನು ಕಂಡು, ಇದು ಯಾರೋ ಪುಣ್ಯಾತ್ಮನ ಕೈ ಇರಬೇಕೆಂದು ಮುಟ್ಟಿ ಕಣ್ಣಿಗೊತ್ತಿಕೊಂಡನಂತೆ. ಆಮೇಲೆ ಅವನ ಕುರಿಗಳೆಲ್ಲ ಅವಳಿ ಈದವಂತೆ.

ನಿಜ ಸಂಗತಿ ಇಷ್ಟೇ. ಉಸ್ತೋ ಎಂದರೆ ಕಸುಬಿನಲ್ಲಿ ಪಳಗಿದ ಉಸ್ತಾದ; ಮಿರ್ಸಾಲಿಂ ಮೂವತ್ತೊಂದು ವರ್ಷಗಳಿಂದ ಚಾಕು ಮಾಡುತ್ತಾನೆ. ಪ್ರತಿ ಚಾಕುವನ್ನೂ ಗಿರಾಕಿಯ ಕೈಗೆ ಕೊಡುವ ಮೊದಲು ಎರಡು ಪರೀಕ್ಷೆ ಮಾಡುತ್ತಾನೆ. ಮೊದಲು ಅಲಗನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡುತ್ತಾನೆ. ಜಾರಿದರೆ ಮೊಂಡು, ಕಚ್ಚಿದರೆ ಹರಿತ. ಆಮೇಲೆ ಮುಂಗೈಯ ಕೂದಲಿನ ಮೇಲೆ ಒಂದು ಎಳೆತ. ಹೀಗೆ ಮೂವತ್ತೊಂದು ವರ್ಷ ಬೆಳೆ ಕೊಯ್ದ ಹೊಲದಲ್ಲಿ ಈಗ ಬೆಳೆಯಲು ಏನೂ ಉಳಿದಿಲ್ಲ.

ಇಂಥ ಕೈಯುಳ್ಳವನಿಗೆ ಸ್ವಲ್ಪ ಗರ್ವವಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪು ತಿಳಿದವನು ಒಬ್ಬನೇ, ಕ್ಷೌರಿಕ ತೋಶ್ಮಾತ್. ಬೀದಿಯ ತುದಿಯಲ್ಲಿ, ಚಹಾ ಅಂಗಡಿಯ ಮಗ್ಗುಲಲ್ಲಿ ಅವನ ಅಂಗಡಿ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಟ್ಟಿಗೆ ಶಾಲೆ ತಪ್ಪಿಸಿದವರು. ಮಿರ್ಸಾಲಿಂ ಪ್ರತಿ ಶುಕ್ರವಾರ ಬೆಳಗ್ಗೆ ಅಲ್ಲಿ ಗಡ್ಡ ತೆಗೆಸಿಕೊಂಡು ಮಸೀದಿಗೆ ಹೋಗುತ್ತಿದ್ದ.

ಅಂಥ ಒಂದು ಶುಕ್ರವಾರ, ಬಲಗೆನ್ನೆ ಮುಗಿದು ಎಡಗೆನ್ನೆಯ ಮೇಲೆ ನೊರೆ ಇರುವಾಗ, ಅವನಿಗೆ ಮಾತಾಡಬೇಕೆನ್ನಿಸಿತು.

"ತೋಶ್ಮಾತ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ ಕೆಲಸದಲ್ಲಿ ಏನಿದೆ? ಎಲ್ಲಾ ಕಬ್ಬಿಣಾನೇ ಮಾಡತ್ತೆ. ನೀನು ಈ ಕಡೆ ತುದಿ ಹಿಡ್ಕೊಂಡಿರ್ತೀಯ ಅಷ್ಟೆ."

ತೋಶ್ಮಾತ್ ಕೈ ನಿಲ್ಲಿಸಿದ. ಕತ್ತಿ ಒರೆಸಿದ, ಮಡಚಿದ, ಜೇಬಿಗೆ ಹಾಕಿಕೊಂಡ. ಗಿರಾಕಿಯ ಕೊರಳಿನ ಬಟ್ಟೆ ತೆಗೆದು ಕೊಡವಿದ.

"ಇನ್ನರ್ಧ ಕಬ್ಬಿಣಾನೇ ಕೇಳು," ಎಂದ.

ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆಯಲ್ಲಿ, ಮಿರ್ಸಾಲಿಂ ಚಹಾ ಅಂಗಡಿಯ ಮುಂದೆ ಹಾದುಹೋದ. ಅಲ್ಲಿ ಕೂತಿದ್ದ ಹನ್ನೊಂದು ಜನ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಆ ಹನ್ನೊಂದು ಜನರಲ್ಲಿ ನಾನೂ ಒಬ್ಬ. ಅವನು ನಿಂತ. ನೊರೆ ಗಲ್ಲದಿಂದ ತೊಟ್ಟಿಕ್ಕುತ್ತಿರುವಾಗಲೇ ಎಲ್ಲರ ಎದುರು ಮಾತು ಕೊಟ್ಟ.

"ಇವತ್ತಿಗೆ ನಲವತ್ತನೇ ದಿನ ನನ್ ಮಗ ಇಲ್ಹೋಮನ ಮದುವೆ. ಅವನ ಗಡ್ಡ ನಾನೇ ತೆಗೀತೀನಿ. ನಾನೇ ಬಡಿದು ಮಾಡಿರೋ ಕತ್ತೀಲಿ."

ಯಾರೂ ನಗಲಿಲ್ಲ. ಮದುಮಗನ ಕ್ಷೌರವೆಂದರೆ ನಮ್ಮಲ್ಲಿ ನಗುವ ಮಾತಲ್ಲ. ಮದುವೆಯ ಬೆಳಗ್ಗೆ ಅಂಗಳದ ನಡುವೆ, ನೆಂಟರು, ಬೀದಿಯವರು, ಹೆಣ್ಣಿನ ಕಡೆಯಿಂದ ಬಟ್ಟೆ ತಂದವರು, ಎಲ್ಲರ ಎದುರು ನಡೆಯುತ್ತದೆ. ಆ ದಿನ ಮದುಮಗನ ಮುಖದಲ್ಲಿ ರಕ್ತ ಕಂಡರೆ ಮುದುಕಿಯರು ಹತ್ತು ವರ್ಷ ಅದನ್ನೇ ಆಡುತ್ತಾರೆ. ಸೊಸೆ ಹಾಲು ಉಕ್ಕಿಸಿದರೂ ಆ ಗಾಯವೇ ಕಾರಣ.

"ನಾನು ಯಾವತ್ತಾದ್ರೂ ನಿಂಗೆ ಎದುರು ಮಾತಾಡಿದೀನಾ ಅಪ್ಪಾ?" ಎಂದು ಆ ಸಂಜೆ ಇಲ್ಹೋಮ್ ಕೇಳಿದನಂತೆ.

"ಇಲ್ಲ ಮಗನೇ."

"ಮತ್ತೆ ಇದ್ಯಾವ ಪಾಪಕ್ಕೆ?"

ಮಿರ್ಸಾಲಿಂ ಹಳೆಯ ಟ್ರಕ್ಕಿನ ಬೇರಿಂಗೊಂದನ್ನು ಕಾಯಿಸಿ ಬಡಿದು ಕತ್ತಿ ಮಾಡಿದ. ಮೂರು ದಿನ ಸಾಣೆಕಲ್ಲು ಬಿಟ್ಟೇಳಲಿಲ್ಲ. ಅಪ್ರಿಕಾಟ್ ಮರದ ಹಿಡಿ ಕೂಡಿಸಿದ. ನೋಡಿದವರು ನಿಜವಾಗಿಯೂ ತಲೆದೂಗಿದರು. ಅಂಥ ಕತ್ತಿ ನಮ್ಮ ಬೀದಿಯಲ್ಲಿ ಹುಟ್ಟಿರಲಿಲ್ಲ. ಇನ್ನು ಬೇಕಾದದ್ದು ಒಂದು ಮುಖ.

ಮೊದಲು ಹಣ್ಣುಗಳ ಮುಖಕ್ಕೆ ಕೈಹಾಕಿದ. ಶರತ್ಕಾಲ, ಮನೆ ತುಂಬ ಬಿಹಿ ಎಂಬ ಸೇಬಿನಂಥ ಹಣ್ಣು. ಆ ಹಣ್ಣಿನ ಮೈಮೇಲೆ ಹದಿನಾರರ ಹುಡುಗನ ಗಲ್ಲದ ಹಾಗೆ ನವಿರಾದ ತುಪ್ಪಳವಿರುತ್ತದೆ. ಹೆಂಡತಿ ಸನೋಬರ್ ಮುರಬ್ಬಕ್ಕೆಂದು ತರಿಸಿದ್ದ ಮೂರು ಪೆಟ್ಟಿಗೆ ಹಣ್ಣನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ, ಒಂದೊಂದಕ್ಕೂ ಸೋಪಿನ ನೊರೆ ಹಚ್ಚಿ, ಕೊರಳಿಗೆ ಬಟ್ಟೆ ಸುತ್ತಿ ಬೋಳಿಸಿದ. ಸಿಪ್ಪೆಗೆ ಗೀರಿಲ್ಲ. ನೂರಿಪ್ಪತ್ತು ಹಣ್ಣುಗಳು ಮದುವೆಗೆ ಸಿದ್ಧವಾಗಿ ಹಳದಿಯಾಗಿ ಹೊಳೆಯುತ್ತ ನಿಂತವು.

"ಇಲ್ಹೋಮನ ಅಪ್ಪಾ," ಎಂದಳು ಸನೋಬರ್, "ಅದು ಬಟ್ಟೇಲಿ ಒರೆಸಿದ್ರೂ ಹೋಗತ್ತೆ."

"ಒರೆಸೋದು ಬೇರೆ, ಹೆರೆಯೋದು ಬೇರೆ."

"ಅಲ್ವಾ ಮತ್ತೆ. ಮುರಬ್ಬದಲ್ಲಿ ಸೋಪಿನ ವಾಸ್ನೆ ಬಂದ್ರೆ ನೀವೇ ತಿನ್ನಿ."

ಒಂಬತ್ತನೆಯ ದಿನ ಅಂಗಳದ ಅಪ್ರಿಕಾಟ್ ಮರಕ್ಕೆ ಕನ್ನಡಿ ತೂಗುಹಾಕಿ ತನ್ನ ಮುಖವನ್ನೇ ಹಿಡಿದ. ನೊರೆ ಹಚ್ಚಿದ. ಕತ್ತಿಯನ್ನು ಉಗುರಿಗೆ ಒತ್ತಿ ನೋಡಿದ, ಕಚ್ಚಿತು. ಕೆನ್ನೆಯ ಮೇಲೆ ಒಂದು ಎಳೆತ. ಮತ್ತೆ ಉಗುರು, ಮತ್ತೆ ಎಳೆತ. ಹರಿತ ನೋಡದೆ ಅಲಗು ಎತ್ತುವವನು ಕಮ್ಮಾರನೇ ಅಲ್ಲ ಎಂದು ಅವನ ಅಪ್ಪ ಕಲಿಸಿದ್ದ. ಮೊದಲ ಎಳೆತ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ನಾಲ್ಕನೆಯದು ಜೋಳದ ಕೂಳೆಯಲ್ಲಿ ನೇಗಿಲು ಹೋದಂತೆ. ಏಳನೆಯದರಲ್ಲಿ ರಕ್ತ.

ಮರುದಿನ ಅಂಗಡಿಗೆ ಬಂದಾಗ ಗಾಯಗಳಿಗೆಲ್ಲ ಪತ್ರಿಕೆಯ ಚೂರು ಅಂಟಿಸಿಕೊಂಡಿದ್ದ. ಆ ವಾರ ಬೀದಿಯಲ್ಲಿ ಯಾರೂ ಪತ್ರಿಕೆ ಕೊಳ್ಳಲಿಲ್ಲ. ಎಡಗೆನ್ನೆಯಲ್ಲಿ ಹತ್ತಿಯ ಫಸಲಿನ ಸುದ್ದಿ, ಗಲ್ಲದ ಮೇಲೆ ಫುಟ್ಬಾಲ್ ಫಲಿತಾಂಶ, ಕಿವಿಯ ಕೆಳಗೆ ಒಬ್ಬರ ಮರಣವಾರ್ತೆ. ಆ ಮೂರನೆಯದು ಯಾರದು ಎಂದು ಓದಲು ನಮ್ಮ ಚಹಾ ಅಂಗಡಿಯ ಮುದುಕ ಅವನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದ್ದುಂಟು.

ಹದಿನೇಳನೆಯ ದಿನ ಮೀಸೆಯ ಎಡತುದಿ ಹೋಯಿತು. ಸಮ ಮಾಡಲು ಬಲತುದಿ ತೆಗೆದ. ಅದು ಸ್ವಲ್ಪ ಹೆಚ್ಚಾಯಿತೆಂದು ಎಡ, ಇದು ಹೆಚ್ಚಾಯಿತೆಂದು ಬಲ. ಕೊನೆಗೆ ನ್ಯಾಯ ತೀರ್ಮಾನವಾದಾಗ ಜಮೀನೇ ಉಳಿದಿರಲಿಲ್ಲ. ಅಡುಗೆಮನೆಯಿಂದ ಹೊರಬಂದ ಸನೋಬರ್ ಪರಗಂಡಸನ್ನು ಕಂಡಂತೆ ಸೆರಗನ್ನು ಮುಖಕ್ಕೆಳೆದುಕೊಂಡು, "ಮನೆಯವ್ರು ಅಂಗಡಿಗೆ ಹೋಗಿದಾರೆ, ಸಂಜೆ ಬನ್ನಿ," ಎಂದಳು.

ಆದರೂ ಬಿಡಲಿಲ್ಲ. ಚರ್ಮವನ್ನು ಬೆರಳಿನಿಂದ ಎಳೆದು ಹಿಡಿಯುವುದು, ಕತ್ತಿಯನ್ನು ಮಲಗಿಸಿ ನಡೆಸುವುದು, ಗಂಟಲ ಗುಣಿಯಲ್ಲಿ ಉಸಿರು ಬಿಗಿಹಿಡಿಯುವುದು, ಒಂದೊಂದನ್ನೂ ಒಂದೊಂದು ಗಾಯ ತೆತ್ತು ಕಲಿತ. ಕತ್ತಿ ಮಾತ್ರ ಅರ್ಧ ದಾರಿಯಲ್ಲಿ ಸಾಯುತ್ತಿತ್ತು. ಪ್ರತಿ ರಾತ್ರಿ ಸಾಣೆ ಹಿಡಿದು ಬದುಕಿಸುತ್ತಿದ್ದ, ಪ್ರತಿ ಬೆಳಗ್ಗೆ ಅದು ಅರ್ಧ ಗಡ್ಡಕ್ಕೆ ಸಾಯುತ್ತಿತ್ತು. ಬೇರಿಂಗಿಗೆ ಬೈದ, ಕಲ್ಲಿಗೆ ಬೈದ, ನಮ್ಮೂರ ನೀರಿಗೆ ಬೈದ.

ಮದುವೆಗೆ ಎರಡು ದಿನವಿರುವಾಗ ಇಲ್ಹೋಮ್ ಕದ್ದು ತೋಶ್ಮಾತನ ಹತ್ತಿರ ಹೋದ.

"ಚಿಕ್ಕಪ್ಪಾ, ನನ್ ಮುಖ ನೋಡು. ಇನ್ನು ಎರಡು ದಿನ ಮಾತ್ರ ಇದು ಹೀಗಿರತ್ತೆ."

"ಒಳ್ಳೇ ಮುಖ," ಎಂದ ತೋಶ್ಮಾತ್. "ನಿಮ್ಮಪ್ಪ ಬಾಯ್ಬಿಟ್ಟು ಕರೀಲಿ, ಬರ್ತೀನಿ."

"ಅವನು ಕರೆಯೋನಲ್ಲ."

"ಗೊತ್ತು. ಊಟಕ್ಕೆ ಬರ್ತೀನಿ, ಅದಕ್ಕೇನು."

ಮದುವೆಯ ಬೆಳಗ್ಗೆ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಸೂತಿಯ ಹಾಸಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಇಲ್ಹೋಮ್, ಅವನ ಕೊರಳಿಗೆ ಬಿಳಿ ಬಟ್ಟೆ. ಅವನು ಕಣ್ಣು ಮುಚ್ಚಿಕೊಂಡು ತುಟಿಯಲ್ಲಿ ಏನೋ ಜಪಿಸುತ್ತಿದ್ದ. ಹೆಂಗಸರು ದಾಯಿರಾ ಎಂಬ ತಮ್ಮಟೆ ಬಡಿದು ಹಾಡುತ್ತಿದ್ದರು. ಒಂದು ಮೂಲೆಯಲ್ಲಿ ಓಶ್ ಪಲಾವು ಬೇಯುವ ದೊಡ್ಡ ಕಡಾಯಿ. ಅದರ ಹತ್ತಿರ ತೋಶ್ಮಾತ್, ಕೈಯಲ್ಲಿ ಚಹಾದ ಬಟ್ಟಲು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಮದುಮಗನ ಅರ್ಧ ಗಡ್ಡ ತೆಗೆದ ಮೇಲೆ ಕ್ಷೌರಿಕ ಕೈ ನಿಲ್ಲಿಸಿ, "ಕತ್ತಿ ಓಡ್ತಿಲ್ಲ," ಎನ್ನುತ್ತಾನೆ. ಆಗ ನೆಂಟರು ಒಬ್ಬೊಬ್ಬರಾಗಿ ಬಂದು ಅವನ ಹೆಗಲಿಗೆ ಬಟ್ಟೆ, ಶಾಲು, ನಿಲುವಂಗಿ ಹೊದಿಸುತ್ತಾರೆ. ಸಾಕೆನ್ನಿಸಿದಾಗ ಕತ್ತಿ ತಾನೇ ಓಡುತ್ತದೆ. ಕ್ಷೌರಿಕ ಎಷ್ಟು ಚೆನ್ನಾಗಿ ನಟಿಸಿದರೆ ಅಷ್ಟು ಖುಷಿ.

ಮಿರ್ಸಾಲಿಂ ನೊರೆ ಹಚ್ಚಿದ. ಉಗುರಿಗೆ ಒತ್ತಿ ನೋಡಿದ, ಎಳೆದ. ಉಗುರು, ಎಳೆತ; ಉಗುರು, ಎಳೆತ. ಬಲಗೆನ್ನೆ ಗಾಯವಿಲ್ಲದೆ ಮುಗಿಯಿತು. ಹೆಂಗಸರ ಹಾಡು ಜೋರಾಯಿತು. ಎಡಗೆನ್ನೆಗೆ ಬಂದಾಗ ಕತ್ತಿ ಎಂದಿನಂತೆ ಸತ್ತಿತು. ಮತ್ತೊಮ್ಮೆ ಎಳೆದರೆ ರಕ್ತ ಬರುತ್ತದೆಂದು ನಲವತ್ತು ದಿನದ ಗಾಯಗಳು ಅವನಿಗೆ ಹೇಳಿದವು. ಕೈ ನಿಲ್ಲಿಸಿದ.

"ಕತ್ತಿ ಓಡ್ತಿಲ್ಲ," ಎಂದ, ಮೆಲ್ಲಗೆ.

ಅಂಗಳ ನಗೆಯಲ್ಲಿ ಸಿಡಿಯಿತು. ಇಲ್ಹೋಮನ ಸೋದರತ್ತೆಯೊಬ್ಬಳು ಓಡಿಬಂದು ರೇಷ್ಮೆ ಶಾಲು ಹೊದಿಸಿದಳು.

"ಇಲ್ಲ ಅಕ್ಕಾ, ನಿಜವಾಗ್ಲೂ ಓಡ್ತಿಲ್ಲ."

"ನೋಡ್ರೋ ಇವನ ಆಟಾನ," ಎಂದಳು ಅವಳು. "ಮೂವತ್ತು ವರ್ಷದಿಂದ ಕ್ಷೌರ ಮಾಡ್ತಿರೋನ ಥರ." ಇನ್ನೊಂದು ಶಾಲು ಬಂತು. ಭಾವ ಒಂದು ಪಟ್ಟೆಪಟ್ಟೆ ನಿಲುವಂಗಿ ಹಾಕಿದ. ಅದರ ಮೇಲೆ ಇನ್ನೊಂದು.

ಮಿರ್ಸಾಲಿಮನ ಹಣೆಯಲ್ಲಿ ಬೆವರು. ಅವನು ನಮ್ಮ ಬೀದಿಯಲ್ಲಿ ಯಾವ ಕಮ್ಮಾರನೂ ಎಂದೂ ಆಡದ ಮಾತನ್ನು ಗಟ್ಟಿಯಾಗಿ ಆಡಿದ.

"ದೇವರಾಣೆ, ಕೇಳಿ ಎಲ್ರೂ. ನನ್ ಕತ್ತಿ ಮೊಂಡು. ನಾನು ಮಾಡಿದ ಕತ್ತಿ ಮೊಂಡು."

ಮುದುಕರು ಕಣ್ಣೊರೆಸಿಕೊಂಡು ನಕ್ಕರು. ಹೆಣ್ಣಿನ ಸೋದರಮಾವ ಎದ್ದು, "ಇಂಥ ಬೀಗರು ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು," ಎಂದು ಹೊರಗೆ ಹೋಗಿ ಒಂದು ಟಗರನ್ನೇ ಎಳೆದು ತಂದು ಕುರ್ಚಿಯ ಕಾಲಿಗೆ ಕಟ್ಟಿದ.

ನೊರೆಯೊಳಗಿಂದ ಇಲ್ಹೋಮ್ ಪಿಸುಗುಟ್ಟಿದ: "ಅಪ್ಪಾ, ಸಾಕು. ಮುಗ್ಸು."

"ಮುಗ್ಸೋಕೆ ಆಗ್ತಿಲ್ಲ ಮಗನೇ."

ಇಲ್ಹೋಮ್ ಒಂದು ಕಣ್ಣು ತೆರೆದು ಅಪ್ಪನ ಮುಖ ನೋಡಿದ. ಬೀದಿಯ ಇನ್ನೂರು ಜನರಲ್ಲಿ ಅವನೊಬ್ಬನಿಗೆ ಅರ್ಥವಾಯಿತು. "ಹಾಗಾದ್ರೆ ಉಡುಗೊರೆ ಕೇಳ್ತಾ ಇರು," ಎಂದ, ಕಣ್ಣು ಮುಚ್ಚಿಕೊಂಡ. "ಮನೇಲಿ ಫ್ರಿಜ್ ಇಲ್ಲ."

ಇನ್ನೊಬ್ಬನಿಗೂ ಅರ್ಥವಾಗಿತ್ತು. ಕಡಾಯಿಯ ಹತ್ತಿರ ಕೂತಿದ್ದ ತೋಶ್ಮಾತ್ ಮೊದಲಿಂದ ಕತ್ತಿಯನ್ನು ನೋಡುತ್ತಿರಲಿಲ್ಲ, ಆ ಹೆಬ್ಬೆರಳನ್ನು ನೋಡುತ್ತಿದ್ದ. ಚಾಕುವಿನ ಬಾಯಿ ದಪ್ಪ, ಉಗುರಿಗೆ ತಾಗಿದರೆ ಏನೂ ಆಗದು. ಕ್ಷೌರದ ಕತ್ತಿಯ ಬಾಯಿ ಉಸಿರಿನಷ್ಟು ತೆಳು. ಕ್ಷೌರಿಕರು ಅದನ್ನು ತೊಗಲಿನ ಪಟ್ಟಿಗೆ ಸವರುತ್ತಾರೆಯೇ ಹೊರತು ಉಗುರಿನ ಹತ್ತಿರ ಬಿಡುವುದಿಲ್ಲ. ಮಿರ್ಸಾಲಿಂ ನಲವತ್ತು ದಿನ ಪ್ರತಿ ಎಳೆತಕ್ಕೊಮ್ಮೆ ತನ್ನ ಕತ್ತಿಯನ್ನು ತಾನೇ ಕೊಂದಿದ್ದ.

ತೋಶ್ಮಾತ್ ಬಟ್ಟಲು ಕೆಳಗಿಟ್ಟ. ಎದ್ದು ಬಂದ. ದಾಯಿರಾ ನಿಂತಿತು; ಇಬ್ಬರ ಜಗಳ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು. ಅವನು ನಿಲುವಂಗಿಯ ಮೇಲೆ ಸೊಂಟಕ್ಕೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಮಡಿಸಿ, ಉಡುಗೊರೆ ಹೊದಿಸುವವನ ಹಾಗೆ ಮಿರ್ಸಾಲಿಮನ ಮುಂಗೈ ಮೇಲೆ ಹಾಕಿದ. ಮಡಿಕೆಯೊಳಗೆ ಅವನ ಸ್ವಂತ ಕತ್ತಿಯಿತ್ತು. ಕರೆಯದಿದ್ದರೂ ಅದನ್ನು ಇಟ್ಟುಕೊಂಡೇ ಬಂದಿದ್ದ.

"ಉಗುರಿಗೆ ತಾಗಿಸಿದ್ಯೋ, ಬೆರಳು ಮುರೀತೀನಿ," ಎಂದ ಕಿವಿಯಲ್ಲಿ. ಆಮೇಲೆ ಎಲ್ಲರಿಗೂ ಕೇಳುವಂತೆ, "ಓಡತ್ತೆ ಉಸ್ತೋ. ಈಗ ಓಡತ್ತೆ."

ಶಾಲುಗಳ ಗುಡ್ಡದ ಕೆಳಗೆ ಕತ್ತಿ ಬದಲಾದದ್ದನ್ನು ಯಾರೂ ಕಾಣಲಿಲ್ಲ. ಮಿರ್ಸಾಲಿಮನ ಹೆಬ್ಬೆರಳು ತನ್ನಷ್ಟಕ್ಕೆ ಮೇಲೆದ್ದಿತು. ತೋಶ್ಮಾತ್ ಕೆಮ್ಮಿದ. ಹೆಬ್ಬೆರಳು ಕೆಳಗಿಳಿಯಿತು. ಕತ್ತಿ ಕೆನ್ನೆಯ ಮೇಲೆ ಹೋಯಿತು, ಗಲ್ಲ ಸುತ್ತಿತು, ಗಂಟಲ ಗುಣಿಯಲ್ಲಿ ಇಳಿದು ಹತ್ತಿತು. ನಲವತ್ತು ದಿನ ಕಲಿತ ಕೈ ಸುಳ್ಳಾಗಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಕೂದಲು ಬಿತ್ತು, ಕೆಂಪು ಬೀಳಲಿಲ್ಲ. ಇಲ್ಹೋಮ್ ಎರಡೂ ಕಣ್ಣು ತೆರೆದು ಮೂಗನ್ನು ಮುಟ್ಟಿ ನೋಡಿಕೊಂಡ. ಇತ್ತು.

ಚಳಿಗಾಲ ಬರುವಷ್ಟರಲ್ಲಿ ಮಿರ್ಸಾಲಿಮನ ಕತ್ತಿಯ ಸುದ್ದಿ ಬೆಟ್ಟ ಇಳಿದು ಹೋಗಿತ್ತು. ಅದು ಟಗರು ಕಟ್ಟುವವರೆಗೆ ಹಟ ಹಿಡಿಯುತ್ತದಂತೆ, ಕಟ್ಟಿದ ಮೇಲೆ ಕೈ ಬಿಟ್ಟರೂ ಓಡುತ್ತದಂತೆ, ಅದರಲ್ಲಿ ಕ್ಷೌರ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಹೆಂಡತಿಯೊಡನೆ ಜಗಳವಿಲ್ಲವಂತೆ. ಖುಜಂದಿನಿಂದ ಒಬ್ಬ ದೊಡ್ಡ ವ್ಯಾಪಾರಿ ಮಿಠಾಯಿಯ ಪೆಟ್ಟಿಗೆ ಹಿಡಿದು ಬಂದ. ಅಂಥ ಹನ್ನೆರಡು ಕತ್ತಿ ಬೇಕೆಂದ. ನಾವೆಲ್ಲ ಅಂಗಡಿಯ ಬಾಗಿಲಲ್ಲಿ ಸೇರಿದೆವು. ತೋಶ್ಮಾತನೂ ಬಂದು ನಿಂತ, ಏನೂ ಗೊತ್ತಿಲ್ಲದವನ ಹಾಗೆ.

"ಉಸ್ತೋ, ಬಚ್ಚಿಡಬೇಡಿ," ಎಂದ ವ್ಯಾಪಾರಿ, ಎದೆಯ ಮೇಲೆ ಕೈಯಿಟ್ಟು. "ಇನ್ನೂರು ಜನ ಕಣ್ಣಾರೆ ಕಂಡಿದಾರೆ. ಆ ಕತ್ತೀಲಿ ಏನಿದೆ? ಉಕ್ಕಿನ ಗುಣವೋ, ನೀರಿನ ಗುಣವೋ, ಯಾರಾದ್ರೂ ದೊಡ್ಡೋರ ಹರಕೆಯೋ?"

ಮಿರ್ಸಾಲಿಂ ಮಸೆಯುತ್ತಿದ್ದ ಚಾಕುವನ್ನು ಪಕ್ಕಕ್ಕಿಟ್ಟ.

"ಅದು ತೋಶ್ಮಾತನ ಕತ್ತಿ," ಎಂದ. "ನಂದು ಓಡ್ತಿಲ್ಲ ಅಂತ ಆವತ್ತೇ ಮೂರು ಸಲ ಹೇಳಿದ್ದೆ."