ಮಣ್ಣುಮುಕ್ಕ ನೆಕ್ಕಲಿಲ್ಲ

ನನ್ನ ಅಕ್ಕನ ಎರಡು ಕೈಗಳೂ ಮಣಿಕಟ್ಟಿನ ತನಕ ಬಿಳಿ. ಸುಣ್ಣದ ತೊಟ್ಟಿಗೆ ಅದ್ದಿ ತೆಗೆದ ಹಾಗೆ. ಆ ಬಿಳುಪಿನ ಅಂಚು ಕೆರೆಯ ದಡದಂತೆ ಸೊಟ್ಟಸೊಟ್ಟಗೆ ಮುಂಗೈ ಹತ್ತುತ್ತಿತ್ತು. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಅಕ್ಕ ಗಿಡ್ಡ ತೋಳಿನ ರವಿಕೆ ತೊಟ್ಟು, ಬೀರೂರಿನ ನಮ್ಮ ಮನೆಯ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದಳು. ರವಿಕೆ ಹೊಲಿಸಲು ಬಂದ ಹೆಂಗಸರು ಬಟ್ಟೆಯನ್ನು ನೆಲದ ಮೇಲಿಟ್ಟು ದೂರ ಸರಿದರೆ, "ಕೈಗೆ ಕೊಡ್ರಿ. ನೆಲಕ್ಕೆ ಕೊಟ್ರೆ ನೆಲಾನೇ ಹೊಲೀಲಿ," ಅನ್ನುತ್ತಿದ್ದಳು. ಹೊಲಿಗೆ ಚೆನ್ನಾಗಿದ್ದುದರಿಂದ ಬಹಳ ಜನ ಕೈಗೇ ಕೊಟ್ಟರು.

ಅವಳಿಗೆ ತೊನ್ನು ಬಂದದ್ದು ಐದನೇ ವಯಸ್ಸಿಗೆ. ಯಗಟಿಯ ಹೊಲದಲ್ಲಿ ಆಡುವಾಗ ಮಣ್ಣುಮುಕ್ಕ ಹಾವು ನೆಕ್ಕಿತು, ಅದಕ್ಕೇ ಹೀಗಾಯಿತು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಎರಡು ತಲೆಯ ಹಾವು ಎಂದು ಜನ ಕರೆಯುವ, ಮೊಂಡು ಬಾಲದ, ವಿಷವಿಲ್ಲದ ಆ ಹಾವು ನೆಕ್ಕಿದರೆ ತೊನ್ನು ಬರುತ್ತದೆಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅಕ್ಕನೂ ನಂಬಿದ್ದಳು. ಒಂದು ದಿನ ಅವ್ವ ನೆಂಟರ ಮುಂದೆ ಮತ್ತೆ ಅದೇ ಕಥೆ ಹೇಳಿದಳು. ಅವರು ಹೋದ ಮೇಲೆ ಅಕ್ಕ ಕೇಳಿದಳು: "ಅವ್ವಾ, ಹೋದ್ಸಲ ಕಾಲು ನೆಕ್ತು ಅಂದಿದ್ದೆ, ಇವತ್ತು ಕೈ ಅಂದೆ. ನಿಜವಾಗ್ಲೂ ಎಲ್ಲಿ ನೆಕ್ತು?"

ಅವ್ವ ಮೊದಲು ರೇಗಿದಳು, ಆಮೇಲೆ ಅತ್ತಳು. "ಎಲ್ಲೂ ಇಲ್ಲ ಕಣೇ. ರಕ್ತದಾಗೆ ಬಂದಿದ್ದು ಅಂದ್ರೆ ನಿನ್ನ ತಮ್ಮನಿಗೆ ಯಾರು ಹೆಣ್ಣು ಕೊಟ್ಟಾರು? ಹಾವು ನೆಕ್ತು ಅಂದ್ರೆ ನಿನ್ನೊಬ್ಬಳಿಗೇ ಮುಗೀತದೆ."

ಆ ತಮ್ಮ ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲವು ವರ್ಷಗಳಿಂದ ಅಪ್ಪನ ಕೊಬ್ಬರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಕೇಳದವನಂತೆ ಹೊರಗೆ ಹೋದೆ.

ಅದೇ ವರ್ಷ ಹೊಲದಲ್ಲಿ ತೆಂಗಿನ ಗುಣಿ ತೋಡುವಾಗ ಒಂದು ಮಣ್ಣುಮುಕ್ಕದ ಮರಿ ಸಿಕ್ಕಿತು. ಕಿರುಬೆರಳ ದಪ್ಪ, ಇಟ್ಟಿಗೆ ಬಣ್ಣ. ಆಳು ಗುದ್ದಲಿ ಎತ್ತಿದ್ದ. ಬುತ್ತಿ ತಂದಿದ್ದ ಅಕ್ಕ ಅಡ್ಡ ಹೋಗಿ, ಖಾಲಿ ಕ್ಯಾರಿಯರ್ ಡಬ್ಬಿಗೆ ಮಣ್ಣು ತುಂಬಿ ಮರಿಯನ್ನು ಅದರೊಳಗೆ ಬಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿ ನೋಡಿ, "ಏನಮ್ಮಾ, ಊಟಾನಾ?" ಅಂದ. "ಊಟ ಅಲ್ಲ ಕಣಪ್ಪಾ, ಉಣ್ಣೋದು," ಅಂದಳು. ಅವನಿಗೆ ಅರ್ಥವಾಗಲಿಲ್ಲ, ನಾನು ಡಬ್ಬಿಯ ಮುಚ್ಚಳ ಒತ್ತಿ ಹಿಡಿದೆ.

ಹಳೆಯ ಮಣ್ಣಿನ ಬಾನಿಗೆ ಮರಳು ಹಾಕಿ, ಮೇಲೆ ಜರಡಿ ಮುಚ್ಚಿ, ಜರಡಿಯ ಮೇಲೆ ಗುಂಡುಕಲ್ಲು ಇಟ್ಟಳು. ಮೊದಲು ಹಾಲಿಟ್ಟಳು. ಮರಿ ಮೂಸಲೂ ಇಲ್ಲ. ಅಂಗಡಿಯ ಗೋಣಿಗಳ ನಡುವೆ ಹಿಡಿದ ಇಲಿಯೊಂದನ್ನು ಬಿಟ್ಟಾಗ ಇಲಿಯೇ ಹಾವನ್ನು ಕಚ್ಚಲು ಹೋಯಿತು. ಅಕ್ಕ ಅದನ್ನು ತೆಗೆದು ಓಡಿಸಿದಳು. ಅನ್ನ ನೀರು ಮುಟ್ಟದ ಮರಿ ದಿನದಿಂದ ದಿನಕ್ಕೆ ಹಗ್ಗದಂತಾಯಿತು. ಕೊನೆಗೆ ಕಣ್ಣು ಬಿಡದ, ಕೂದಲು ಹುಟ್ಟದ ಇಲಿಮರಿಯೊಂದನ್ನು ಬಾನಿಯೊಳಗಿಟ್ಟು, ಮೇಲೆ ಗೋಣಿ ಹೊದಿಸಿ ಕತ್ತಲು ಮಾಡಿದಳು. ಬೆಳಿಗ್ಗೆ ನೋಡಿದರೆ ಇಲಿಮರಿ ಇಲ್ಲ, ಹಾವಿನ ನಡುವೆ ಒಂದು ಗಂಟು.

"ಲಿಂಗ ಕಟ್ಟಿದ ಮನೇಲಿ ಇಲಿ ಅಡುಗೆ ಶುರು ಮಾಡ್ದೇನೇ?" ಅವ್ವ ಕೂಗಿದಳು.

"ಅಡುಗೆ ಎಲ್ಲಿ ಮಾಡ್ದೆ ಅವ್ವಾ? ಹಸೀದೇ ತಿಂತದೆ."

ಒಮ್ಮೆ ತಿಂದ ಮರುದಿನವೇ ಅದನ್ನು ಎತ್ತಿ ಪಕ್ಕದ ಮನೆಯವರಿಗೆ ತೋರಿಸಿದಳು. ಅದು ತಿಂದದ್ದನ್ನೆಲ್ಲ ಕಕ್ಕಿತು. ಅಕ್ಕ ತನ್ನನ್ನೇ ಬೈದುಕೊಂಡಳು: "ಉಂಡು ಮಲಗಿದ್ದನ್ನ ಎತ್ತಿ ಕುಣಿಸಿದ್ರೆ ಇನ್ನೇನಾದೀತು?" ಆಮೇಲೆ ಗಂಟು ಕರಗುವ ತನಕ ಮುಟ್ಟುತ್ತಿರಲಿಲ್ಲ. ಕಣ್ಣು ಮಂಜಾಗಿ ಪೊರೆ ಬಿಡುವ ಕಾಲದಲ್ಲೂ ಮುಟ್ಟುತ್ತಿರಲಿಲ್ಲ. ಎತ್ತುವ ಮೊದಲು ಸೋಪು ಹಾಕಿ ಕೈ ತೊಳೆಯುವಳು. "ಇಲಿ ವಾಸನೆ ಇದ್ರೆ ನನ್ನ ಬೆರಳೂ ಊಟವೇ ಅದಕ್ಕೆ." ಮೇಲಿಂದ ಹಿಡಿಯುತ್ತಿರಲಿಲ್ಲ. ಪಕ್ಕದಿಂದ ಕೈ ತಂದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ತಾನಾಗಿ ಹರಿದು ಬರಲು ಬಿಡುವಳು.

ಎಲ್ಲಿಗೆ ಹರಿಸುತ್ತಿದ್ದಳು ಗೊತ್ತೆ? ಎಡತೋಳಿನ ಒಳಮೈಗೆ, ಇನ್ನೂ ಬಿಳುಪು ಬಾರದ ಚರ್ಮದ ಮೇಲೆ. ದಿನಾ ಮಧ್ಯಾಹ್ನ ಜಗಲಿಯಲ್ಲಿ, ಹೋಗಿಬರುವವರ ಎದುರಿಗೇ. "ನೋಡ್ರವ್ವಾ, ನೆಕ್ತಾ ಐತೆ. ನೆಕ್ಕೋದಲ್ಲ ಇದು, ನಾಲಿಗೇಲಿ ಮೂಸೋದು. ಇಲ್ಲಿ ಬೆಳ್ಳಗಾಯ್ತು ಅಂದ್ರೆ ನಾನು ಸೋತೆ." ನಾನು ಅಂಗಡಿಗೆ ಹೊರಡುವ ಮೊದಲು ಆ ತೋಳನ್ನು ಕದ್ದು ನೋಡುತ್ತಿದ್ದೆ. ತೊನ್ನು ತಾನಾಗಿ ಹರಡುವುದೂ ಉಂಟು. ಆ ತೋಳಿಗೆ ಬಂದುಬಿಟ್ಟರೆ ಹಾವಿನ ಮೇಲಿನ ಸುಳ್ಳು ಸಾಯುವ ತನಕ ಅವಳ ಬೆನ್ನು ಬಿಡುತ್ತಿರಲಿಲ್ಲ. ಅಕ್ಕನಿಗೂ ಅದು ಗೊತ್ತಿತ್ತು. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ತೋಳು ಹಾಗೇ ಇತ್ತು.

ಆಗಲೇ ತರೀಕೆರೆಯಿಂದ ನನ್ನ ಸಂಬಂಧದ ಮಾತಿಗೆ ಹೆಣ್ಣಿನ ತಂದೆ ಬಂದರು. ಜಗಲಿಯಲ್ಲಿದ್ದ ಅಕ್ಕನ ಕೈ ನೋಡಿ ಅವರ ಮುಖ ಸಣ್ಣಗಾಯಿತು. ಅವ್ವ ಕಥೆ ಹೇಳಿದಳು. ಅವರು ಅಕ್ಕನನ್ನೇ ಕರೆದು, "ಹೌದೇನಮ್ಮಾ?" ಅಂದರು.

"ಇಲ್ಲ ಯಜಮಾನ್ರೇ," ಅಂದಳು ಅಕ್ಕ. ಎಡತೋಳು ಚಾಚಿದಳು. "ಹಾವಿನ ನಾಲಿಗೆಯಿಂದ ಬರಂಗಿದ್ರೆ ಇಲ್ಲಿ ಬರಬೇಕಿತ್ತು. ಬೇಕಾದ್ರೆ ಹಾವನ್ನೂ ತಂದು ತೋರಿಸ್ತೀನಿ."

ಅವರು ಎದ್ದು ನಿಂತರು. ನಾನು ಬಾಯಿ ತೆರೆದೆ. "ಅಕ್ಕ ಆಟದಾಗೆ ಮೈಮರೆತಿದ್ಲು, ಅವಳಿಗೆ ಗೊತ್ತಾಗ್ಲಿಲ್ಲ. ಹಾವು ನೆಕ್ಕಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ," ಅಂದೆ.

ಅಕ್ಕನಿಗೆ ತೊನ್ನು ಬಂದಾಗ ನಾನು ಹುಟ್ಟಿರಲೇ ಇಲ್ಲ. ಅವಳು ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಅವಳು ನನ್ನನ್ನು ನೋಡಿದಳು. "ಕಂಡೋರೇ ಹೇಳಿದ್ಮೇಲೆ ನಂದೇನೈತೆ," ಎಂದು ಹೋಗಿ ಮೆಷಿನ್ನು ತುಳಿಯತೊಡಗಿದಳು. ಸಂಬಂಧ ಕುದುರಿತು.

ನನ್ನ ಮದುವೆಯ ಮರುವಾರ ಅವಳು ಮೆಷಿನ್ನು, ಬಾನಿ ಎರಡನ್ನೂ ಗಾಡಿಗೇರಿಸಿ ಸ್ಟೇಷನ್ನಿಗೆ ಹೊರಟಳು. ಅಜ್ಜಂಪುರದಲ್ಲಿ ಬಾಡಿಗೆಗೆ ಒಂದು ಕೋಣೆ ನೋಡಿದ್ದಳು. ನಾನು ಹಿಂದೆಯೇ ಓಡಿದೆ. ರೈಲು ಹತ್ತುವಾಗ, "ಹುಟ್ಟೋಕೆ ಮುಂಚೆನೇ ಕಣ್ಣು ಬಿಟ್ಟಿದ್ಯಲ್ಲೋ, ಭೂಪ!" ಅಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಮಗಳು ಶಾಲೆಗೆ ಹೋಗುವ ಹೊತ್ತಿಗೆ ನನ್ನ ಕೆಳತುಟಿಯ ಮೇಲೆ ಬಿಳಿ ಚುಕ್ಕೆ ಎದ್ದಿತು, ಹರಡಿತು. ಒಂದು ದಿನವೂ ನಾನು ಆ ಹಾವನ್ನು ಮುಟ್ಟಿದವನಲ್ಲ. ಮಗಳ ಚಿಂತೆ ಹಿಡಿಯಿತು. ಅಜ್ಜಂಪುರಕ್ಕೆ ಹೋದೆ. ಅಕ್ಕನನ್ನು ನೋಡಲು ಎಂದುಕೊಂಡರೂ ನಿಜ ಬೇರೆ: ನಾಲ್ಕು ಜನರ ಎದುರು ಹಾವನ್ನು ಎತ್ತಿಕೊಂಡರೆ, ಅದೇ ನೆಕ್ಕಿತು ಎಂದು ಮುಂದೆ ಹೇಳಬಹುದಲ್ಲ.

ಅವಳು ನನ್ನ ತುಟಿ ನೋಡಿದಳು. ಹಾವು ಕೊಡು ಎಂದು ಕೇಳಿದ ಕೂಡಲೇ ಎಲ್ಲ ಅವಳಿಗೆ ತಿಳಿಯಿತು. ಆದರೂ ಕೊಟ್ಟಳು. ಅದೀಗ ರಟ್ಟೆಗಾತ್ರ ಇತ್ತು. "ಕತ್ತು ಹಿಡೀಬೇಡ. ಕೆಳಗಿಂದ ಕೈ ಕೊಡು. ನೀನು ಹೆದ್ರಿದ್ರೆ ಅದೂ ಹೆದರ್ತದೆ." ತಣ್ಣಗಿನ ಭಾರ ನನ್ನ ಅಂಗೈ ದಾಟಿ ಹೋಯಿತು. ಅಕ್ಕ ಮೆಲ್ಲಗೆ ಅಂದಳು: "ನಿಜ ಹೇಳೋಕಾಗ್ದಿದ್ರೆ ಬಾಯಿ ಮುಚ್ಕೊಂಡಿರು. ಇದರ ಮೇಲೆ ಮಾತ್ರ ಹಾಕ್ಬೇಡ ಕಣೋ."

ಬಾಯಿ ಮುಚ್ಚಿಕೊಂಡೇ ಇದ್ದೆ. ಕೇಳಿದವರಿಗೆ ಎಲೆಯಡಿಕೆಯ ಸುಣ್ಣ ಸುಟ್ಟಿತು ಅಂದೆ.

ಎಂಬತ್ತರ ದಶಕದ ಕೊನೆಯಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಳು. ಅಜ್ಜಂಪುರದಲ್ಲೇ ಮಣ್ಣು ಮಾಡಿದೆವು. ನನ್ನ ಮಗಳನ್ನು ತಮ್ಮ ಮನೆಗೆ ಸೊಸೆಯಾಗಿ ತಂದುಕೊಳ್ಳುವ ಮಾತೆತ್ತಿದ್ದ ಹಿರಿಯರೊಬ್ಬರೂ ಬಂದಿದ್ದರು. ಗುಣಿಯ ಪಕ್ಕ ನಿಂತು, "ಬಂಗಾರದಂಥ ಹೆಣ್ಣುಮಗಳು. ಆ ದರಿದ್ರ ಹಾವು ನೆಕ್ಕದಿದ್ರೆ ಎಲ್ಲಿರ್ತಿದ್ಲೋ," ಅಂದರು.

"ಯಾವ ಹಾವೂ ನೆಕ್ಕಿಲ್ಲ," ಅಂದೆ. ಹೆಂಡತಿ ನನ್ನ ಶಲ್ಯ ಜಗ್ಗಿದಳು. ನಾನು ನಿಲ್ಲಿಸಲಿಲ್ಲ. "ನಾನು ನೋಡ್ದೆ ಅಂದಿದ್ದು ಸುಳ್ಳು. ನನ್ನ ಮದುವೆಗೋಸ್ಕರ ಹೇಳಿದ ಸುಳ್ಳು. ಇದು ನಮ್ಮ ರಕ್ತದಾಗೆ ಐತೆ. ಈ ತುಟಿ ನೋಡ್ರಿ. ಇದೂ ಸುಣ್ಣ ಸುಟ್ಟಿದ್ದಲ್ಲ."

"ಮಣ್ಣು ಹಾಕೋ ಹೊತ್ನಾಗೆ ಯಾಕಪ್ಪಾ ಇದೆಲ್ಲಾ?" ಅಂದರು ಅವರು.

"ಅವಳು ಬದುಕಿದ್ದಾಗ ಹೇಳ್ಲಿಲ್ಲವಲ್ಲ, ಅದಕ್ಕೇ," ಅಂದೆ.

ಆ ಮನೆಯವರು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಹಾವನ್ನು ನಾನು ಬೀರೂರಿಗೆ ತಂದೆ. ನನ್ನ ಹೆಂಡತಿ ಬಾನಿ ಇಟ್ಟ ಕೋಣೆಗೆ ಕಾಲಿಡಲಿಲ್ಲ, ಮಗಳು ಬಂದಳು. ಒಂದು ದಿನ ಅದನ್ನು ಮಡಿಲಲ್ಲಿ ಹರಿಯಬಿಟ್ಟುಕೊಂಡು ಕೇಳಿದಳು: "ಅಪ್ಪಾ, ನಂಗೂ ಬರುತ್ತಾ?"

ಬಾಯಿಗೆ ಬಂದ ಸಮಾಧಾನದ ಮಾತನ್ನು ನುಂಗಿಕೊಂಡೆ. "ಬರಬಹುದು ಮಗಳೇ," ಅಂದೆ.

ಅವಳು ಹಾವಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು. "ಬಂದ್ರೆ ಬರ್ಲಿ ಬಿಡಿ," ಅಂದಳು.