ಬಣ್ಣದಜ್ಜನ ಈಜುವ ಒಂಟೆ

ಅವರ ಎಡಗೈಯ ಐದು ಉಗುರುಗಳಿಗೆ ಐದು ಬಣ್ಣ. ಹೆಬ್ಬೆರಳಿಗೆ ನೀಲಿ, ತೋರುಬೆರಳಿಗೆ ಕೆಂಪು, ಉಳಿದವಕ್ಕೆ ಆ ದಿನ ತೆರೆದ ಡಬ್ಬಿಗಳಲ್ಲಿ ಇದ್ದದ್ದು. ದೋಣಿಗೆ ಬಳಿಯುವ ಮೊದಲು ಪ್ರತಿ ಬಣ್ಣವನ್ನೂ ಒಂದೊಂದು ಉಗುರಿಗೆ ಹಚ್ಚಿ, ಬಿಸಿಲಿಗೆ ಹಿಡಿದು, ಒಣಗಿದ ಮೇಲೆ ಹಲ್ಲಿನಿಂದ ಕೆರೆದು ನೋಡುತ್ತಿದ್ದರು. ಸುಲಭಕ್ಕೆ ಎದ್ದುಬಂತೋ, ಆ ಡಬ್ಬಿ ವಾಪಸು. ಭಾರಿ ಹೆಸರಿನ ಬಣ್ಣವೆಂದು ಯಾರಾದರೂ ವಾದಿಸಿದರೆ, "ಡಬ್ಬಿ ಮೇಲಿನ ಹೆಸರು ಉಪ್ಪುನೀರಿಗೆ ಓದೂಕೆ ಬತ್ತದ್ಯಾ?" ಎಂದು ಕೇಳುತ್ತಿದ್ದರು.

ಊರಿಗೆಲ್ಲ ಅವರು ಬಣ್ಣದಜ್ಜ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಹರೆಯದಲ್ಲಿ ಸರಕು ಸಾಗಿಸುವ ಹಾಯಿಹಡಗಿನಲ್ಲಿ, ನಮ್ಮ ಕಡೆ ಮಚವೆ ಎನ್ನುತ್ತಾರಲ್ಲ ಅದರಲ್ಲಿ, ಖಲಾಸಿಯಾಗಿದ್ದವರು. ಹಂಚು, ಮರಮುಟ್ಟು ತುಂಬಿಕೊಂಡು ಮುಂಬಯಿ ದಾಟಿ ಕಚ್ಛದ ತನಕ ಹೋಗಿಬಂದಿದ್ದರು. ಮೊಣಕಾಲು ಸೋತ ಮೇಲೆ ದೋಣಿಗಳಿಗೆ ಬಣ್ಣ ಬಳಿಯುವ ಕೆಲಸ ಹಿಡಿದರು. ಮಳೆಗಾಲದಲ್ಲಿ ದೋಣಿಗಳನ್ನೆಲ್ಲ ದಂಡೆಗೆ ಎಳೆದು ಚಪ್ಪರದಡಿ ಇಟ್ಟಾಗ ಅವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ನಾನು ಹಿರೇಗುತ್ತಿಯ ಬೇಸಾಯಗಾರರ ಮನೆಯವಳು. ಎಪ್ಪತ್ತರ ದಶಕದ ನಡುವೆ ಹೊನ್ನಾವರದ ಹತ್ತಿರದ ಆ ಕಡಲದಂಡೆಯ ಶಾಲೆಗೆ ಹೊಸ ಅಕ್ಕೋರಾಗಿ ಹೋದೆ. ತರಬೇತಿ ಮುಗಿಸಿ ಬಂದವಳು, ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನಿದೆ ಎಂಬ ಧಿಮಾಕು ಬೇರೆ. ಮಕ್ಕಳು ಮಾತ್ರ ನನ್ನ ಧಿಮಾಕಿಗೆ ಸೊಪ್ಪು ಹಾಕಲಿಲ್ಲ. ಶಾಲೆ ತಪ್ಪಿಸಿ ಚಪ್ಪರದಡಿ ಬಣ್ಣದಜ್ಜನ ಸುತ್ತ ನಿಂತಿರುತ್ತಿದ್ದರು. ಒಂದು ದಿನ ತಡೆಯಲಾರದೆ ಹೋಗಿ ಅವರ ಮೇಲೇ ಹರಿಹಾಯ್ದೆ. ಅವರು ಬಾಯಲ್ಲಿ ಕಚ್ಚಿಕೊಂಡಿದ್ದ ಕುಂಚ ತೆಗೆದು, "ನಿಮ್ಮ ಶಾಲೆ ಗೋಡೆ ಬೋಳು ಅಕ್ಕೋರೆ. ಹುಡುಗ್ರು ಅಲ್ಲಿ ಕೂತು ಎಂತ ನೋಡೂದು?" ಎಂದರು.

ಹಾಗಾದರೆ ನೀವೇ ಏನಾದರೂ ಬರೆದುಕೊಡಿ, ಮೀನುಗಳ ಚಿತ್ರವಾದರೆ ಒಳ್ಳೆಯದು ಎಂದೆ. ಅವರು ಕೈಮುಗಿದುಬಿಟ್ಟರು.

"ಮೀನು ಬರದ್ರೆ ಈ ಹುಡುಗ್ರು ನನ್ನ ಜೀವ ತಿಂತ್ರು. ಬಂಗಡೆ ಬಾಲ ಹಂಗಲ್ಲ, ಕಿವಿರು ಹಿಂಗಲ್ಲ ಹೇಳ್ತ್ರು. ಮರುಭೂಮಿ ಪ್ರಾಣಿ ಬರೀತೆ. ಅದ್ರಲ್ಲಿ ತಪ್ಪು ಹಿಡೂಕೆ ಇಲ್ಲಿ ಯಾರಿದ್ರು?"

ಡಬ್ಬಿಗಳ ತಳದಲ್ಲಿ ಉಳಿದ ಬಣ್ಣದಲ್ಲೇ ಕೆಲಸ ಶುರುವಾಯಿತು. ಕಚ್ಛದಲ್ಲಿ ಗಾಳಿಗಾಗಿ ಕಾಯುತ್ತ ಮಚವೆ ನಿಂತಾಗಲೆಲ್ಲ ಕಂಡ ಪ್ರಾಣಿಗಳು ಒಂದೊಂದಾಗಿ ಗೋಡೆಗೆ ಬಂದವು. ಪ್ರತಿ ಪ್ರಾಣಿಯ ಕೆಳಗೆ ಅವರೇ ಕಟ್ಟಿದ ನಾಲ್ಕು ಸಾಲಿನ ಹಾಡು. ಕುಂಚ ಆಡಿಸುತ್ತಲೇ ಕಾಲಿನಲ್ಲಿ ತಾಳ ಹಾಕಿ ಹಾಡು ಹೊಸೆಯುತ್ತಿದ್ದರು. ಮೊದಲು ಬಂದದ್ದು ನರಿ:

ಮರಳಿನ ನರಿಗಿದೆ ಮೊರದಗಲದ ಕಿವಿ
ಊರಿನ ಸುದ್ದಿಯ ಕೇಳುವ ಚಟಕೆ;
ಮೀನಿನ ಪೇಟೆಗೆ ಕಳಿಸಿರಿ ಅದನು,
ಕಿವಿಗಳ ಮುಚ್ಚುತ ಓಡಲಿ ಬಿಲಕೆ!

ಮೀನು ಮಾರುವ ಹೆಂಗಸರ ಮಕ್ಕಳೇ ತಾನೆ ಅವರೆಲ್ಲ, ನಕ್ಕು ನಕ್ಕು ಉರುಳಿದರು. ತಾಯಂದಿರೂ ಬುಟ್ಟಿ ಹೊತ್ತುಕೊಂಡೇ ಕಿಟಕಿಯಲ್ಲಿ ಇಣುಕಿ, ಅಜ್ಜನಿಗೆ ಬಾಯಿತುಂಬ ಬೈದು ಹೋದರು. ಆಮೇಲೆ ಕಾಡುಕತ್ತೆ, ಉಡ, ಮುಳ್ಳಿಲಿ ಬಂದವು. ಗಂಟೆ ಹೊಡೆಯುವ ಮೊದಲೇ ಮಕ್ಕಳು ಹಾಜರಾಗತೊಡಗಿದರು. ಪುಸ್ತಕದಲ್ಲಿ ಒಂದಕ್ಷರ ಹತ್ತದವರು ಗೋಡೆ ಓದಿ ಓದಿ ಕನ್ನಡ ಕಲಿತರು. ಕಲಿಸಿದವಳು ನಾನೆಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ, ಅಜ್ಜ ಒಮ್ಮೆಯೂ ಅಲ್ಲಗಳೆಯಲಿಲ್ಲ.

ಕೊನೆಗೆ ಬಾಗಿಲ ಪಕ್ಕದ ದೊಡ್ಡ ಗೋಡೆಗೆ ಒಂಟೆ ಬಂತು. ಅದು ನಿಂತದ್ದು ಮರಳಿನಲ್ಲಲ್ಲ. ಸಮುದ್ರದಲ್ಲಿ ಕತ್ತು ಮೇಲೆತ್ತಿ ಈಜುತ್ತಿತ್ತು.

ಬೆನ್ನಲಿ ಗುಡ್ಡವ ಹೊತ್ತಿಹ ಒಂಟೆ
ಕಡಲಿಗೆ ಇಳಿಯಿತು ಮೀಯುವುದಕ್ಕೆ;
ಏಡಿಯು ಕೇಳಿತು: "ಮರಳಿನ ಹಡಗೇ,
ನಿನ್ನನು ಕಟ್ಟಲು ಎಲ್ಲಿದೆ ದಕ್ಕೆ?"

ಒಂಟೆ ಎಲ್ಲಾದರೂ ಈಜುತ್ತದೆಯೇ ಎಂದು ನಾನು ನಕ್ಕೆ. ಅಜ್ಜ ನಗಲಿಲ್ಲ. ಕಚ್ಛದ ಅಳಿವೆಯಲ್ಲಿ ನಡುಗಡ್ಡೆಗಳಿವೆ, ಅಲ್ಲಿಯ ಕೆಸರಿನಲ್ಲಿ ನಮ್ಮಲ್ಲಿಯ ಹಾಗೇ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿವೆ, ಅವುಗಳ ಎಲೆ ತಿನ್ನಲು ಒಂಟೆಗಳು ಹಿಂಡುಕಟ್ಟಿ ಈಜಿ ಹೋಗುತ್ತವೆ ಎಂದು ವಿವರಿಸಿದರು. ನನಗೆ ನಂಬಿಕೆ ಬರಲಿಲ್ಲ; ಆತು, ಹಾಡು ಚೆಂದ ಇದೆಯಲ್ಲ ಎಂದು ಬಿಟ್ಟೆ.

ಆ ವರ್ಷವೇ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ನರಿ ನೋಡಿ ಮುಗುಳ್ನಕ್ಕವರು ಒಂಟೆಯ ಎದುರು ನಿಂತುಬಿಟ್ಟರು. "ಏನ್ರೀ ಇದು? ಒಂಟೆ ಸಮುದ್ರದಲ್ಲಿ ಈಜುತ್ತಾ? ಮಕ್ಕಳಿಗೆ ಸುಳ್ಳು ಕಲಿಸ್ತೀರಾ?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಜ್ಜ ಬಾಗಿಲಲ್ಲೇ ನಿಂತಿದ್ದರು, ಮಕ್ಕಳೆಲ್ಲ ಕೇಳುತ್ತಿದ್ದರು. "ಸುಳ್ಳೇ ಸಾರ್. ಅಜ್ಜ ತಮಾಷೆಗೆ ಬರೆದದ್ದು, ಇವತ್ತೇ ಅಳಿಸ್ತೇನೆ" ಎಂದೆ. ಸಾಹೇಬರು ಹೊರಟ ಮೇಲೆ ಸುಣ್ಣದ ಬಾಲ್ದಿ ತರಿಸಿ, ಮಕ್ಕಳ ಎದುರಿಗೇ ಒಂಟೆಯ ಮೇಲೆ ಬಳಿದೆ. ಎಣ್ಣೆಬಣ್ಣ ಸುಣ್ಣಕ್ಕೆ ಜಗ್ಗಲಿಲ್ಲ, ಮೂರು ಸಲ ಬಳಿಯಬೇಕಾಯಿತು. ಅಜ್ಜ ಅಷ್ಟು ಹೊತ್ತೂ ನೋಡುತ್ತ ನಿಂತಿದ್ದು, ಕೊನೆಗೆ ಒಂದೇ ಮಾತು ಹೇಳಿದರು: "ಹಾಡು ತಮಾಷೆದು ಅಕ್ಕೋರೆ. ಒಂಟೆ ತಮಾಷೆದು ಅಲ್ಲ. ಅದು ನಾ ಕಂಡದ್ದು."

ದಂಡೆಯ ಊರಿನಲ್ಲಿ ಕಂಡೆ ಎಂಬ ಮಾತಿಗೆ ಎಂಥ ತೂಕವಿದೆಯೆಂದು ಗದ್ದೆಯೂರಿನವಳಾದ ನನಗೆ ಗೊತ್ತಿರಲಿಲ್ಲ. ಇಂಥ ಕಡೆ ಬಂಡೆ ಕಂಡೆ, ಇಂಥ ಕಡೆ ಮೀನಿನ ಹಿಂಡು ಕಂಡೆ ಎಂದು ಒಬ್ಬ ಹೇಳಿದರೆ ಅದನ್ನು ನಂಬಿ ಇನ್ನೊಬ್ಬ ದೋಣಿ ತಿರುಗಿಸುತ್ತಾನೆ. ಕಾಣದ್ದನ್ನು ಕಂಡೆ ಎಂದವನ ಮಾತನ್ನು ಮತ್ತೆ ಯಾರೂ ಕೇಳುವುದಿಲ್ಲ. ಒಂದೇ ವಾರದಲ್ಲಿ ಹುಡುಗರು ಬಣ್ಣದಜ್ಜನನ್ನು ಸುಳ್ಳಜ್ಜ ಎಂದು ಕರೆಯತೊಡಗಿದರು. ಅಜ್ಜ ಮಚವೆಯ ಕತೆ ತೆಗೆದರೆ ದೊಡ್ಡವರೂ ಕಣ್ಣು ಮಿಟುಕಿಸುತ್ತಿದ್ದರು. ಅಜ್ಜ ಕತೆ ಹೇಳುವುದನ್ನೇ ಬಿಟ್ಟರು. ಶಾಲೆಯ ಕಡೆಗೂ ಬರಲಿಲ್ಲ. ನನ್ನ ನೌಕರಿ ಕಾಯಂ ಆಯಿತು.

ಮುಂದೆ ನನಗೆ ಭಟ್ಕಳದ ಮುಟ್ಟಳ್ಳಿಯ ಕಡೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ ರಜೆಯಲ್ಲಿ ನಾವೊಂದಿಷ್ಟು ಶಿಕ್ಷಕರು ಸೇರಿ ಸೋಮನಾಥ, ದ್ವಾರಕೆ ನೋಡಿ ಕಚ್ಛಕ್ಕೂ ಹೋದೆವು. ಒಂದು ಅಳಿವೆಯ ದಡದಲ್ಲಿ ಚಹಾ ಕುಡಿಯುತ್ತಿದ್ದಾಗ, ಹಿಂಡು ಕಾಯುವವನೊಬ್ಬ ಒಂಟೆಗಳನ್ನು ನೀರಿಗಿಳಿಸಿದ. ಅವು ಒಂದರ ಹಿಂದೊಂದು ಕತ್ತು ಮೇಲೆತ್ತಿ ನಡುಗಡ್ಡೆಯತ್ತ ಈಜಿದವು. ಚಹಾ ಲೋಟ ಕೈಯಲ್ಲೇ ಉಳಿಯಿತು. ಅತ್ತುಬಿಟ್ಟೆ. ಜೊತೆಯವರು ಬಿಸಿಲು ತಾಗಿತೆಂದು ತಲೆಗೆ ನೀರು ತಟ್ಟಿದರು.

ಊರಿಗೆ ಮರಳುವಾಗ ಮನೆಗೂ ಹೋಗದೆ ಹೊನ್ನಾವರದಲ್ಲೇ ಬಸ್ಸಿಳಿದೆ. ಅಜ್ಜ ಚಾಪೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು. ಕಾಲು ಮುಟ್ಟಿ, ಕಂಡದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಅವರಿಗೆ ಸಂತೋಷವಾಗುತ್ತದೆಂದು ನಾನು ಎಣಿಸಿದ್ದೆ.

"ನಂಗೆ ಹೇಳಿ ಎಂತ ಮಾಡ್ತ್ರಿ ಅಕ್ಕೋರೆ? ನಾ ಕಂಡದ್ದು ನಂಗೆ ಗೊತ್ತಿಲ್ವಾ? ಆ ಹುಡುಗ್ರಿಗೆ ಹೇಳಿ."

ಹೊರಟೆ. ಆ ದಿನ ಗೋಡೆಯ ಎದುರು ಕೂತಿದ್ದ ಮಕ್ಕಳ ಹೆಸರುಗಳನ್ನೆಲ್ಲ ನೆನೆದು ಬರೆದುಕೊಂಡೆ. ಹುಡುಗರು ಆಗಲೇ ಮೀಸೆ ಹೊತ್ತು ದೋಣಿಗೆ ಹೋಗುತ್ತಿದ್ದರು. ದೋಣಿ ಕಟ್ಟುವ ದಕ್ಕೆಯಲ್ಲಿ, ಐಸ್ ಗಾಡಿಯ ಪಕ್ಕ, ಬಲೆ ಹೆಣೆಯುವಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದೆ: ಒಂಟೆ ಈಜುತ್ತದೆ, ನಾನೇ ಕಂಡೆ, ಅಜ್ಜ ಹೇಳಿದ್ದು ಸರಿ, ನಾನು ಹೇಳಿದ್ದು ಸುಳ್ಳು. ಕೆಲವರು ನಕ್ಕರು, ಕೆಲವರಿಗೆ ಮರೆತೇಹೋಗಿತ್ತು. ಐದಾರು ಮಂದಿ ಮಾತ್ರ ಕೈಲಿದ್ದ ಕೆಲಸ ಬಿಟ್ಟು ಅಜ್ಜನ ಮನೆಗೆ ಹೋಗಿ, ಮಚವೆಯ ಕತೆ ಹೇಳೆಂದು ಚಾಪೆಯ ಸುತ್ತ ಕೂತರಂತೆ. ಆ ಮಳೆಗಾಲದಲ್ಲೇ ಅಜ್ಜ ತೀರಿಕೊಂಡರು.

ನನ್ನ ಪಟ್ಟಿಯಲ್ಲಿ ಒಂದು ಹೆಸರು ಉಳಿದಿತ್ತು. ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ, ಮದುವೆಯಾಗಿ ಎಲ್ಲಿಗೋ ಹೋಗಿದ್ದಳು. ಎರಡು ವರ್ಷದ ಮೇಲೆ ಭಟ್ಕಳದ ಮೀನುಪೇಟೆಯಲ್ಲಿ ಅವಳೇ "ಅಕ್ಕೋರೆ" ಎಂದು ಕೂಗಿದಳು. ಆ ಗದ್ದಲದಲ್ಲೇ ಅವಳ ಎದುರು ಕೂತು, ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ.

ಅವಳು ಬಂಗಡೆಗೆ ನೀರು ಚಿಮುಕಿಸುತ್ತ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದು ನಂಗೆ ಆಗ್ಲೇ ಗೊತ್ತಿತ್ತಲ್ರಾ ಅಕ್ಕೋರೆ," ಎಂದಳು. "ಅಜ್ಜ ಕಂಡೆ ಹೇಳಿದ್ರಲ್ಲ."