ಬಿಲದ ಬಾಯಿಗೆ ಅಡ್ಡ ಇಟ್ಟ ಕೊಡೆ

ಮಾಮನ ಎರಡೂ ಮುಂಗೈಗಳ ತುಂಬ ಕಾದ ಎಣ್ಣೆ ಸಿಡಿದ ಕಲೆಗಳಿದ್ದವು, ಅಕ್ಷತೆಕಾಳು ಚೆಲ್ಲಿದ ಹಾಗೆ. ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮೂವತ್ತು ವರ್ಷ ವಡೆ ಕರಿದು, ನಿವೃತ್ತರಾದ ಮೇಲೆ ಖಾರಘರದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿಗೆ ಬಂದವರು. ರಕ್ತಸಂಬಂಧವೇನಿಲ್ಲ. ಇಬ್ಬರೂ ಉಡುಪಿ ಕಡೆಯವರು, ಮಾಮ ಎನ್ನಲು ಅಷ್ಟು ಸಾಕಾಯಿತು.

ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಗುಡ್ಡದ ಕಾಡಿಗೆ ಕರೆದೊಯ್ಯುತ್ತಿದ್ದರು. ನನಗೆ ಬರೀ ಎಲೆ ಕಾಣುವಲ್ಲಿ ಅವರಿಗೆ ಹಸಿರು ಹಾವು ಕಾಣುತ್ತಿತ್ತು. ಬೆರಳು ತೋರಿಸಬಾರದೆಂದು ಗಲ್ಲದಿಂದಲೇ ತೋರಿಸುವರು. "ಕ್ಯಾಮರಾ ದೊಡ್ಡದುಂಟು ಮಾರಾಯ, ಕಣ್ಣು ಮಾತ್ರ ಸಣ್ಣದು" ಎಂದು ಚುಡಾಯಿಸುವರು. ನಾನು ಎಷ್ಟು ಫೋಟೊ ತೆಗೆದರೂ ಸುಮ್ಮನಿರುತ್ತಿದ್ದರು, ಆದರೆ ಹಾವಿನ ದಾರಿಗೆ ಹೋಗಲು ಬಿಡುತ್ತಿರಲಿಲ್ಲ. ಅದು ಹೋದ ಮೇಲೆ ನಾವು ಹೋಗುವ, ಎನ್ನುವರು.

ಒಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ನಾಗರಹಾವು ನಮ್ಮೆದುರು ದಾರಿ ದಾಟಿ ಹುತ್ತದ ಕಡೆ ಹೊರಟಿತು. ನನಗೆ ಸಿಕ್ಕಿದ್ದು ಬಾಲ ಮಾತ್ರ. ಹೆಡೆಯ ಆಸೆಗೆ ಬಿದ್ದು, ಓಡಿಹೋಗಿ ಬಿಲದ ಬಾಯಿಗೆ ಕೊಡೆಯನ್ನು ಅಡ್ಡ ಇಟ್ಟೆ.

"ತೆಗಿ ಅದನ್ನು. ಅದರ ಮನೆ ಅದು" ಎಂದರು ಮಾಮ.

ಒಂದೇ ನಿಮಿಷ ಎಂದೆ. ಹಾವು ಹೆಡೆ ಎತ್ತಿತು. ನಾನು ಸುತ್ತು ಹಾಕಿ ಹಾಕಿ ಐದು ನಿಮಿಷ ಕ್ಲಿಕ್ಕಿಸಿದೆ. ಅಷ್ಟರಲ್ಲಿ ಪಿಕ್ನಿಕ್ಕಿಗೆ ಬಂದ ಗುಂಪೊಂದು ಮೇಲಿನಿಂದ ಇಳಿದು ಹಾವನ್ನು ಕಂಡಿತು, ಕಲ್ಲು ಬೀರಿತು. ಮಾಮ ಕೈ ಚಾಚಿ ಅಡ್ಡ ನಿಂತು ಮರಾಠಿಯಲ್ಲಿ ಬೇಡಿಕೊಂಡರು. ಒಂದು ಕಲ್ಲು ಅವರ ಭುಜಕ್ಕೂ ಬಿತ್ತು. ನಾನು ಕ್ಯಾಮರಾ ಎದೆಗವಚಿಕೊಂಡು ಹಿಂದೆ ಸರಿದಿದ್ದೆ. ಕೊಡೆ ಅಡ್ಡವಿದ್ದ ಬಿಲದ ಎದುರೇ ಹಾವು ಸತ್ತಿತು.

ಸತ್ತ ನಾಗರಹಾವನ್ನು ಕಂಡವರು ಅದರ ಸಂಸ್ಕಾರ ಮಾಡಬೇಕು ಎಂಬುದು ನಮ್ಮ ಕರಾವಳಿಯ ಕಟ್ಟಳೆ. ಮಾಮ ಹೆಗಲ ಮೇಲಿನ ಬೈರಾಸು ಹೊದಿಸಿ, ಪುರೋಹಿತರನ್ನು ಕರೆಸಿ, ಹಳ್ಳದ ಬಂಡೆಯ ಮೇಲೆ ಕ್ರಮವಾಗಿ ಸುಟ್ಟರು. ಯಾರಿಂದಾದ ತಪ್ಪು ಎಂದು ಪುರೋಹಿತರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮಾಮ ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಹೆಸರಲ್ಲೇ ಆಗಲಿ. ನಿನಗೆ ಸಣ್ಣ ಮಗು ಉಂಟು."

ನಾಗದೋಷವನ್ನೆಲ್ಲ ನಂಬದ ಆಧುನಿಕ ಮನುಷ್ಯ ನಾನು. ಆದರೂ ಬೇಡ ಎನ್ನಲಿಲ್ಲ. ಒಳಗೊಳಗೇ ಹಗುರಾಗಿತ್ತು, ನಾಚಿಕೆಗೆಟ್ಟ ಮಾತು, ಆದರೆ ನಿಜ. ಆಮೇಲೆ ಅವರು ನನ್ನನ್ನು ಕಾಡಿಗೆ ಕರೆಯಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮಗಳು ಚೆನ್ನಾಗಿದ್ದಾಳಾ ಎಂದಷ್ಟೇ ಕೇಳುತ್ತಿದ್ದರು. ಹೆಡೆಯ ಆ ಫೋಟೊಗೆ ನಮ್ಮವರ ಸಂಘದಲ್ಲಿ ಬಹುಮಾನ ಬಂತು. ಹೆಂಗಸರು ಅದರ ಮುಂದೆ ನಿಂತು ಕೈಮುಗಿದರು, ನನಗೆ ಶಾಲು ಹೊದಿಸಿದರು. ಮಾಮ ಬಂದಿರಲಿಲ್ಲ.

ಮೂರು ವರ್ಷ ಕಳೆದು ಗಂಟಲಿನ ಕಾಯಿಲೆ ಅವರನ್ನು ತಿಂದುಹಾಕಿತು. ಉತ್ತರಕ್ರಿಯೆಯ ದಿನ ಅವರ ಹೆಂಡತಿ, ನಾನು ಅತ್ತೆ ಎನ್ನುವವರು, ಊಟಕ್ಕೆ ಕೂತಿದ್ದ ನನ್ನ ಬಳಿ ಬಂದರು.

"ಫೋಟೊ ತೆಗಿಯುವ ಅಂತ ಇವರೇ ನಾಗನ ದಾರಿಗೆ ಕೊಡೆ ಅಡ್ಡ ಇಟ್ಟದ್ದಂತೆ. ನೀನಾದರೂ ಬೇಡ ಹೇಳಬಾರದಿತ್ತಾ?"

ನಾನು ಎಲೆಯ ಮೇಲಿನ ಅನ್ನ ಕಲಸಿದೆ. ಹೇಳಲಿಲ್ಲ. ಇನ್ನೂ ಹೇಳಿಲ್ಲ. ಅತ್ತೆ ಪ್ರತಿ ನಾಗರಪಂಚಮಿಗೆ ಗಂಡನ ಪರವಾಗಿ ತಪ್ಪುಕಾಣಿಕೆ ಹಾಕಿ ಬರುತ್ತಾರೆ. ಪ್ರಸಾದ ನಮ್ಮ ಮನೆಗೂ ಕೊಡುತ್ತಾರೆ. ನಾನು ತಿನ್ನುತ್ತೇನೆ.